ಬದುವಿನಿಂದ ಚಂದ್ರನವರೆಗೆ: ಎರಡು ಕನ್ನಡಿಗಳ ಕಥೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾದಂಥ ಊರಿನ ಒಂದು ಕ್ಷೌರದ ಅಂಗಡಿ. ಎದುರಿನ ಗೋಡೆಗೆ ಒಂದು ದೊಡ್ಡ ಕನ್ನಡಿ, ಪಕ್ಕದ ಗೋಡೆಗೆ ಇನ್ನೊಂದು. ಎರಡೂ ಮೂಲೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿವೆ. ಕುರ್ಚಿಯಲ್ಲಿ ಕುಳಿತವರು ನೀವೊಬ್ಬರೇ. ಆದರೆ ಕನ್ನಡಿಗಳಲ್ಲಿ ಮೂವರು ಕುಳಿತಿದ್ದಾರೆ. ಎದುರಿಗೆ ಒಬ್ಬ, ಪಕ್ಕದಲ್ಲಿ ಒಬ್ಬ, ಸರಿಯಾಗಿ ಮೂಲೆಯಲ್ಲಿ ಮತ್ತೊಬ್ಬ. ಈ ಮೂಲೆಯವನು ಉಳಿದಿಬ್ಬರಂತಲ್ಲ. ನೀವು ಬಲಗೈ ಎತ್ತಿದರೆ ಎದುರಿನ ಕನ್ನಡಿಯ ಪ್ರತಿಬಿಂಬ ತನ್ನ ಎಡಗೈ ಎತ್ತಿದಂತೆ ಕಾಣುತ್ತದೆ. ಮೂಲೆಯ ಪ್ರತಿಬಿಂಬ ಮಾತ್ರ ನಿಮ್ಮಂತೆಯೇ ಬಲಗೈಯನ್ನು ಎತ್ತುತ್ತದೆ. ಊರಿನ ಜನ ನಿಮ್ಮನ್ನು ದಿನಾಲೂ ನೋಡುವುದು ಹೀಗೆಯೇ.

ಈಗ ಅಂಗಡಿಯಿಂದ ಹೊರಬಂದು ಊರಾಚೆಯ ಎರೆ ಹೊಲಕ್ಕೆ ಹೋಗೋಣ. ಅಲ್ಲಿ ಸರ್ವೆ ನಡೆದಿದೆ. ಸರಪಳಿ ಹಾಸಿದ್ದಾರೆ, ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ನೆಟ್ಟಿದ್ದಾರೆ. ಬದುವಿನ ಎರಡೂ ಬದಿಗೆ ಅಣ್ಣತಮ್ಮಂದಿರು ಮಾತಿಲ್ಲದೆ ನಿಂತಿದ್ದಾರೆ. ಸರ್ವೆಯವರು ಎಳೆಯುವ ಗೆರೆ ನೇರವಾಗಿದೆಯೇ, ಮೂಲೆ ಸರಿಯಾಗಿದೆಯೇ ಎಂಬುದರ ಮೇಲೆ ಎರಡು ಮನೆಗಳ ನೆಮ್ಮದಿ ನಿಂತಿದೆ.

ಕ್ಷೌರದ ಅಂಗಡಿಯ ಮೂಲೆಗೂ ಹೊಲದ ಮೂಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಒಂದಕ್ಕೊಂದು ಓರೆಯಾಗಿ ನಿಂತ ಎರಡು ಸಮತಲ ಕನ್ನಡಿಗಳ ನಡುವೆ ಬೆಳಕು ಹೇಗೆ ತಿರುಗುತ್ತದೆ ಎಂಬ ಸಣ್ಣ ವಿಷಯ ಮೊದಲು ಕುತೂಹಲವಾಗಿತ್ತು, ನಂತರ ಹಡಗಿನವರ ದಾರಿದೀಪವಾಯಿತು, ಆಮೇಲೆ ಭೂಮಾಪಕರ ಜೇಬಿನಲ್ಲಿ ಕುಳಿತಿತು, ಕೊನೆಗೆ ಚಂದ್ರನ ಮೇಲೂ ಇಳಿಯಿತು. ಆ ಇತಿಹಾಸವನ್ನು ಇಲ್ಲಿ ನೋಡೋಣ.

ಎಣಿಕೆಯ ಆಟ

ಬೆಳಕಿನ ಕಿರಣ ಕನ್ನಡಿಗೆ ತಾಗಿ ಹಿಂದಿರುಗುವಾಗ ಪತನ ಕೋನವೂ ಪ್ರತಿಫಲನ ಕೋನವೂ ಸಮವಾಗಿರುತ್ತವೆ. ಈ ನಿಯಮ ಎರಡು ಸಾವಿರ ವರ್ಷಗಳಿಗೂ ಹಳೆಯದು. ಗ್ರೀಕ್ ಗಣಿತಜ್ಞರಿಗೆ ಇದು ತಿಳಿದಿತ್ತು. ಅಲೆಕ್ಸಾಂಡ್ರಿಯದ ಹೀರೋ ಇದಕ್ಕೆ ಒಂದು ಸೊಗಸಾದ ಕಾರಣವನ್ನೂ ಕೊಟ್ಟ: ಕನ್ನಡಿಯನ್ನು ಮುಟ್ಟಿ ಕಣ್ಣಿಗೆ ಬರುವ ದಾರಿಗಳಲ್ಲೆಲ್ಲ ಅತ್ಯಂತ ಚಿಕ್ಕದನ್ನು ಬೆಳಕು ಹಿಡಿಯುತ್ತದೆ, ಆ ಚಿಕ್ಕ ದಾರಿಯಲ್ಲಿ ಎರಡೂ ಕೋನಗಳು ಸಮವಾಗಿರಲೇಬೇಕು. ಹತ್ತನೆಯ ಶತಮಾನದ ಕೊನೆ ಮತ್ತು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬಾಳಿದ ಅರಬ್ ವಿದ್ವಾಂಸ ಇಬ್ನ್ ಅಲ್-ಹೈತಮ್ ಪ್ರಯೋಗಗಳ ಮೂಲಕ ಬೆಳಕಿನ ಅಧ್ಯಯನವನ್ನು ಮುಂದಕ್ಕೆ ಒಯ್ದ.

ಒಂದು ಕನ್ನಡಿಗೆ ಒಂದು ಪ್ರತಿಬಿಂಬ. ಎರಡು ಕನ್ನಡಿಗಳಿಗೆ ಎರಡೇ ಇರಬೇಕಲ್ಲವೆ? ಇಲ್ಲ. ಮೊದಲನೆಯ ಕನ್ನಡಿಯ ಪ್ರತಿಬಿಂಬ ಎರಡನೆಯ ಕನ್ನಡಿಗೆ ಒಂದು ವಸ್ತುವಿನಂತೆಯೇ ಕಾಣುತ್ತದೆ. ಆದ್ದರಿಂದ ಅದಕ್ಕೂ ಒಂದು ಪ್ರತಿಬಿಂಬ ಹುಟ್ಟುತ್ತದೆ. ಹೀಗೆ ಹುಟ್ಟುವ ಬಿಂಬಗಳೆಲ್ಲ ಕನ್ನಡಿಗಳು ಸೇರುವ ಮೂಲೆಯನ್ನು ಕೇಂದ್ರವಾಗಿಟ್ಟುಕೊಂಡ ಒಂದು ವೃತ್ತದ ಮೇಲೆ ಸಾಲಾಗಿ ನಿಲ್ಲುತ್ತವೆ. ಎಷ್ಟು ಬಿಂಬಗಳು ಎಂಬುದನ್ನು ಕನ್ನಡಿಗಳ ನಡುವಿನ ಕೋನವೇ ತೀರ್ಮಾನಿಸುತ್ತದೆ. 360ನ್ನು ಆ ಕೋನದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಒಂದನ್ನು ಕಳೆಯಿರಿ. ಭಾಗಲಬ್ಧ ಸಮಸಂಖ್ಯೆಯಾಗಿದ್ದರೆ ಈ ಲೆಕ್ಕ ತಪ್ಪುವುದಿಲ್ಲ. 90 ಡಿಗ್ರಿಗೆ 3 ಬಿಂಬಗಳು, 60 ಡಿಗ್ರಿಗೆ 5, 45 ಡಿಗ್ರಿಗೆ 7. ಕ್ಷೌರದ ಅಂಗಡಿಯಲ್ಲಿ ಮೂವರು ಕಂಡದ್ದು ಈ ಲೆಕ್ಕದಂತೆಯೇ.

ಜರ್ಮನಿಯಲ್ಲಿ ಹುಟ್ಟಿ ರೋಮ್ ನಗರದಲ್ಲಿ ನೆಲೆಸಿದ್ದ ಅಥನೇಸಿಯಸ್ ಕಿರ್ಚರ್ ಎಂಬ ವಿದ್ವಾಂಸ 1646ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ಪುಸ್ತಕದ ಹಾಳೆಗಳಂತೆ ತೆರೆದು ಮುಚ್ಚಬಹುದಾದ ಎರಡು ಕನ್ನಡಿಗಳನ್ನು ವರ್ಣಿಸಿದ್ದಾನೆ. ಕನ್ನಡಿಗಳನ್ನು ಹತ್ತಿರ ತಂದಂತೆ ಬಿಂಬಗಳ ಸಂಖ್ಯೆ ಏರುವುದನ್ನು ಅವನು ಗುರುತಿಸಿದ್ದ. 1717ರಲ್ಲಿ ಇಂಗ್ಲೆಂಡಿನ ರಿಚರ್ಡ್ ಬ್ರ್ಯಾಡ್ಲಿ ಎಂಬ ಸಸ್ಯಶಾಸ್ತ್ರಜ್ಞ ಉದ್ಯಾನಗಳ ವಿನ್ಯಾಸ ಬರೆಯಲು ಇಂಥದೇ ಜೋಡಿ ಕನ್ನಡಿಯನ್ನು ಬಳಸುವ ಉಪಾಯ ಹೇಳಿದ. ಕಾಗದದ ಮೇಲೆ ಒಂದು ಮೂಲೆಯ ಚಿತ್ರ ಬರೆದು ಕನ್ನಡಿಗಳನ್ನು ಅದರ ಮೇಲೆ ನಿಲ್ಲಿಸಿದರೆ ಇಡೀ ತೋಟದ ನಕ್ಷೆ ಕಣ್ಣಿಗೆ ಬೀಳುತ್ತದೆ.

ಈ ಆಟಕ್ಕೆ ಹೆಸರು ತಂದವನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. 1816ರಲ್ಲಿ ಅವನು ಕೊಳವೆಯೊಳಗೆ ಓರೆಯಾಗಿ ಕನ್ನಡಿಗಳನ್ನು ಕೂರಿಸಿ, ತುದಿಯಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಇಟ್ಟ. ಅದೇ ಕೆಲಿಡೋಸ್ಕೋಪ್. 1817ರಲ್ಲಿ ಅದಕ್ಕೆ ಪೇಟೆಂಟ್ ಪಡೆದನಾದರೂ ಗುಟ್ಟು ಅಷ್ಟರಲ್ಲಿ ಬಯಲಾಗಿತ್ತು. ನೋಡಿದವರೆಲ್ಲ ತಾವೂ ಮಾಡಿ ಮಾರಿದರು. ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಮೂರೇ ತಿಂಗಳಲ್ಲಿ ಸುಮಾರು ಎರಡು ಲಕ್ಷ ಮಾರಾಟವಾದುವೆಂದು ಬ್ರೂಸ್ಟರನ ಅಂದಾಜು. ಅವನ ಕೈಗೆ ಬಂದ ಹಣ ಮಾತ್ರ ಬಹಳ ಕಡಿಮೆ. ನಮ್ಮ ಜಾತ್ರೆಗಳಲ್ಲಿ ಮಕ್ಕಳು ಒಂದು ಕಣ್ಣು ಮುಚ್ಚಿ ನೋಡುವ ರಟ್ಟಿನ ಕೊಳವೆ ಅದೇ ವಂಶದ್ದು.

ಕೈ ನಡುಗಿದರೂ ತಪ್ಪದ ಕೋನ

ಬಿಂಬಗಳ ಎಣಿಕೆ ಕಣ್ಣಿಗೆ ಹಬ್ಬ. ಆದರೆ ಜೋಡಿ ಕನ್ನಡಿಗಳಲ್ಲಿ ಇನ್ನೊಂದು ಗುಣ ಅಡಗಿದೆ. ಮನುಷ್ಯನ ಕೆಲಸಕ್ಕೆ ಬಂದದ್ದು ಅದು. ಸ್ವಲ್ಪ ಸಾವಧಾನವಾಗಿ ಓದಿರಿ, ಪಕ್ಕದಲ್ಲಿ ಒಂದು ಚಿತ್ರ ಬರೆದುಕೊಂಡರೆ ಒಳ್ಳೆಯದು.

ಎರಡು ಕನ್ನಡಿಗಳು 45 ಡಿಗ್ರಿ ಕೋನದಲ್ಲಿ ಮೂಲೆಯಲ್ಲಿ ಸೇರಿವೆ ಎನ್ನಿ. ಒಂದು ಕಿರಣ ಮೊದಲ ಕನ್ನಡಿಗೆ ತಾಗಿ, ಅಲ್ಲಿಂದ ಎರಡನೆಯ ಕನ್ನಡಿಗೆ ಹೋಗಿ ತಾಗುತ್ತದೆ. ಈ ಎರಡು ತಾಗುವ ಬಿಂದುಗಳು ಮತ್ತು ಕನ್ನಡಿಗಳು ಸೇರುವ ಮೂಲೆ, ಇವು ಮೂರೂ ಸೇರಿ ಒಂದು ತ್ರಿಭುಜ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಮೂಲೆಯದು 45 ಆದ್ದರಿಂದ ಉಳಿದೆರಡರ ಮೊತ್ತ 135. ಉದಾಹರಣೆಗೆ, ಕಿರಣವು ಮೊದಲ ಕನ್ನಡಿಯ ಮೇಲ್ಮೈಯೊಂದಿಗೆ 60 ಡಿಗ್ರಿ, ಎರಡನೆಯದರೊಂದಿಗೆ 75 ಡಿಗ್ರಿ ಮಾಡುತ್ತಿರಲಿ.

ಕನ್ನಡಿಗೆ ತಾಗಿದ ಕಿರಣ, ತಾನು ಕನ್ನಡಿಯ ಮೇಲ್ಮೈಯೊಂದಿಗೆ ಮಾಡಿದ ಕೋನದ ಎರಡರಷ್ಟು ತಿರುಗುತ್ತದೆ. ಆದ್ದರಿಂದ ಮೊದಲ ಕನ್ನಡಿಯಲ್ಲಿ 120 ಡಿಗ್ರಿ, ಎರಡನೆಯದರಲ್ಲಿ ಅದೇ ದಿಕ್ಕಿಗೆ 150 ಡಿಗ್ರಿ, ಒಟ್ಟು 270 ಡಿಗ್ರಿ ತಿರುಗಿತು. ಶಾಲೆಯ ಕವಾಯತನ್ನು ನೆನೆಯಿರಿ. ಮೂರು ಸಲ ‘ಬಲಕ್ಕೆ ತಿರುಗು’ ಎಂದರೂ ಒಂದೇ ಸಲ ‘ಎಡಕ್ಕೆ ತಿರುಗು’ ಎಂದರೂ ನಿಮ್ಮ ಮುಖ ಒಂದೇ ದಿಕ್ಕಿಗೆ ಇರುತ್ತದೆ. ಹಾಗೆಯೇ 270 ಡಿಗ್ರಿ ತಿರುಗಿದ ಕಿರಣ, ಕಡೆಗೆ ನೋಡಿದರೆ, ಮೊದಲಿನ ದಿಕ್ಕಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಹೊರಬಂದಿದೆ. 45ರ ಎರಡರಷ್ಟು!

ಈಗ ಎರಡೂ ಕನ್ನಡಿಗಳನ್ನು ಅವುಗಳ ನಡುವಿನ ಕೋನ ಬದಲಾಗದಂತೆ ಒಟ್ಟಿಗೆ 10 ಡಿಗ್ರಿ ಹೊರಳಿಸಿ. ಮೊದಲ ಕೋನ 60 ಇದ್ದದ್ದು 70 ಆಯಿತು. ಆದರೆ ತ್ರಿಭುಜದ ಮೊತ್ತ ಬದಲಾಗುವಂತಿಲ್ಲ. ಹಾಗಾಗಿ ಎರಡನೆಯದು 75 ಇದ್ದದ್ದು 65ಕ್ಕೆ ಇಳಿಯಿತು. ತಿರುವುಗಳು 140 ಮತ್ತು 130. ಒಟ್ಟು ಮತ್ತೆ 270. ಮೊದಲ ಕನ್ನಡಿಯಲ್ಲಿ ಆದ ಹೆಚ್ಚಳವನ್ನು ಎರಡನೆಯ ಕನ್ನಡಿ ತಾನೇ ಕಳೆದುಬಿಟ್ಟಿತು.

ಇದೇ ಆ ಗುಣ. ಎರಡು ಕನ್ನಡಿಗಳಲ್ಲಿ ಒಂದೊಂದು ಸಲ ಪ್ರತಿಫಲಿಸಿದ ಕಿರಣ, ಕನ್ನಡಿಗಳ ನಡುವಿನ ಕೋನದ ಎರಡರಷ್ಟು ತಿರುಗುತ್ತದೆ. ಕನ್ನಡಿಗಳ ಜೋಡಿಯನ್ನು ಹೇಗೆ ಹಿಡಿದಿದ್ದೀರಿ, ನಿಮ್ಮ ಕೈ ಎಷ್ಟು ನಡುಗಿತು ಎಂಬುದನ್ನು ಅದು ಕೇಳುವುದಿಲ್ಲ. ಒಂದೇ ಕನ್ನಡಿಗೆ ಈ ಗುಣವಿಲ್ಲ. ಒಂದು ಕನ್ನಡಿಯನ್ನು 1 ಡಿಗ್ರಿ ಹೊರಳಿಸಿದರೆ ಪ್ರತಿಫಲಿತ ಕಿರಣ 2 ಡಿಗ್ರಿ ಓಡಿಹೋಗುತ್ತದೆ.

ತೂಗಾಡುವ ಹಡಗಿನ ಮೇಲೆ

ಈ ಗುಣದ ಬೆಲೆ ಮೊದಲು ತಿಳಿದದ್ದು ನೆಲದ ಮೇಲಿನವರಿಗಲ್ಲ, ನಾವಿಕರಿಗೆ. ಹಡಗು ಎಲ್ಲಿದೆ ಎಂದು ತಿಳಿಯಲು ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಎಂಬುದನ್ನು ಅಳೆಯಬೇಕು. ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದ ಅರಬ್ ನಾವಿಕರು ಗಂಟು ಹಾಕಿದ ದಾರವಿರುವ ‘ಕಮಾಲ್’ ಎಂಬ ಮರದ ಹಲಗೆಯಿಂದ ಈ ಕೆಲಸ ಮಾಡುತ್ತಿದ್ದರು. ಯುರೋಪಿನವರ ಬಳಿ ಬೇರೆ ಬಗೆಯ ಕೋಲುಗಳಿದ್ದುವು. ಎಲ್ಲದರಲ್ಲೂ ತೊಡಕು ಒಂದೇ: ಕಾಲ ಕೆಳಗಿನ ಹಲಗೆ ತೂಗಾಡುತ್ತಿರುವಾಗ ದಿಗಂತ ಮತ್ತು ನಕ್ಷತ್ರ ಎರಡನ್ನೂ ಒಂದೇ ಕ್ಷಣದಲ್ಲಿ ನೋಡುವುದು ಹೇಗೆ?

1731ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಡ್ಲಿ ರಾಯಲ್ ಸೊಸೈಟಿಯ ಮುಂದೆ ಒಂದು ಉಪಕರಣವನ್ನು ವಿವರಿಸಿದ. ಅದರಲ್ಲಿ ಎರಡು ಸಣ್ಣ ಕನ್ನಡಿಗಳು. ಒಂದು ಕದಲದು; ಅದರ ಅರ್ಧ ಭಾಗಕ್ಕೆ ಮಾತ್ರ ಪಾದರಸದ ಲೇಪ, ಉಳಿದರ್ಧದಲ್ಲಿ ದಿಗಂತ ನೇರವಾಗಿ ಕಾಣುತ್ತದೆ. ಇನ್ನೊಂದು ತಿರುಗುವ ತೋಳಿನ ಮೇಲಿದೆ. ತೋಳನ್ನು ಸರಿಸುತ್ತ ಹೋದರೆ ಆಕಾಶದ ಸೂರ್ಯ ಎರಡು ಕನ್ನಡಿಗಳಲ್ಲಿ ಪ್ರತಿಫಲಿಸಿ ದಿಗಂತದ ಮೇಲೆ ಇಳಿದು ಕೂರುತ್ತಾನೆ. ಆಗ ಹಡಗು ಹೇಗೆ ಓಲಾಡಿದರೂ ಸೂರ್ಯ ಮತ್ತು ದಿಗಂತ ಒಟ್ಟಿಗೇ ಓಲಾಡುತ್ತವೆ, ಒಂದನ್ನೊಂದು ಬಿಡುವುದಿಲ್ಲ. ಕನ್ನಡಿ ತಿರುಗಿದ್ದರ ಎರಡರಷ್ಟು ಕೋನ ಸಿಗುವುದರಿಂದ ಹ್ಯಾಡ್ಲಿಯ 45 ಡಿಗ್ರಿ ಕಮಾನಿನ ಮೇಲೆ 90ರವರೆಗೆ ಗುರುತುಗಳಿದ್ದುವು. ಮುಂದೆ ಕಮಾನು 60 ಡಿಗ್ರಿಗೆ ಬೆಳೆದು 120ರವರೆಗೆ ಅಳೆಯುವಂತಾಯಿತು. ವೃತ್ತದ ಆರನೆಯ ಒಂದು ಭಾಗವಾದ ಕಾರಣ ಅದಕ್ಕೆ ಸೆಕ್ಸ್ಟಂಟ್ ಎಂಬ ಹೆಸರು ಬಂತು.

ಸ್ವಾರಸ್ಯವೆಂದರೆ ಇದೇ ಉಪಾಯ ಹ್ಯಾಡ್ಲಿಗೆ ಮಾತ್ರ ಹೊಳೆದಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಥಾಮಸ್ ಗಾಡ್‌ಫ್ರೆ ಎಂಬಾತ ಸುಮಾರು ಅದೇ ಸಮಯಕ್ಕೆ ಇಂಥದೇ ಉಪಕರಣ ಕಟ್ಟಿದ್ದ. ಅವನ ವೃತ್ತಿ ಕಿಟಕಿಗಳಿಗೆ ಗಾಜು ಕೂರಿಸುವುದು. ಇನ್ನೊಬ್ಬ ಐಸಾಕ್ ನ್ಯೂಟನ್. ಆತ ಬರೆದು ಎಡ್ಮಂಡ್ ಹ್ಯಾಲಿಗೆ ಕೊಟ್ಟಿದ್ದ ಟಿಪ್ಪಣಿ ಬೆಳಕಿಗೆ ಬಂದದ್ದು 1742ರಲ್ಲಿ ಹ್ಯಾಲಿ ತೀರಿಕೊಂಡ ಮೇಲೆ, ಅವನ ಕಾಗದಪತ್ರಗಳ ನಡುವೆ. ಜಗತ್ಪ್ರಸಿದ್ಧ ವಿಜ್ಞಾನಿಗೂ ಗಾಜು ಕೂರಿಸುವ ಕೆಲಸಗಾರನಿಗೂ ಒಂದೇ ವಿಚಾರ ಹೊಳೆಯಿತು ಎಂಬುದು ವಿಜ್ಞಾನದ ಇತಿಹಾಸದಲ್ಲಿ ನೆನಪಿಡತಕ್ಕ ಮಾತು.

ಗಳೆಯಿಂದ ಸರಪಳಿಗೆ

ಸಮುದ್ರದಿಂದ ನಾವೀಗ ಯಲಬುರ್ಗಾದ ನೆಲಕ್ಕೆ ಮರಳೋಣ. ಇಲ್ಲಿ ಭೂಮಿಯನ್ನು ಅಳೆಯುವ ಕೆಲಸಕ್ಕೆ ದೀರ್ಘ ಚರಿತ್ರೆಯಿದೆ. ಎರಂಬರಗೆ ಎಂದು ಶಾಸನಗಳು ಕರೆಯುವ ಈ ಊರು, ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯ ಅಳತೆ ‘ಮತ್ತರು’. ಅಳೆಯುವ ಕೋಲಿಗೆ ‘ಗಳೆ’ ಎಂಬ ಹೆಸರು. ಒಂದೊಂದು ಕಡೆಗೆ ಒಂದೊಂದು ಗಳೆ ಇದ್ದುದರಿಂದ, ಯಾವ ಗಳೆಯಿಂದ ಅಳೆದ ಭೂಮಿ ಎಂಬುದನ್ನೂ ಶಾಸನಗಳು ಹೇಳುವುದುಂಟು. ಅಳತೆಯ ಕೋಲು ಯಾವುದೆಂದು ಕಲ್ಲಿನಲ್ಲಿ ಬರೆಸಿದರೆ ಮುಂದೆ ವಾದ ಬರುವುದಿಲ್ಲ ಎಂಬ ಎಚ್ಚರ ಆ ಹಿರಿಯರಿಗಿತ್ತು.

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ನೀವು ನೋಡಿರಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇಗುಲ ಅದು. ಅದರ ಗೋಡೆಗಳ ಮುಂದೆ ನಿಂತರೆ, ಲಂಬಕೋನವನ್ನು ಸಾಧಿಸುವ ವಿದ್ಯೆ ನಮ್ಮ ಶಿಲ್ಪಿಗಳ ಕೈಯಲ್ಲಿ ಎಷ್ಟು ಪಳಗಿತ್ತು ಎಂಬುದು ತಿಳಿಯುತ್ತದೆ. ಹಗ್ಗ ಎಳೆದು ಲಂಬಕೋನ ಪಡೆಯುವ ಕ್ರಮ ನಮ್ಮ ದೇಶದಲ್ಲಿ ಶುಲ್ಬಸೂತ್ರಗಳಷ್ಟು ಹಳೆಯದು. ಮೂರು, ನಾಲ್ಕು, ಐದು ಅಳತೆಗಳ ಹಗ್ಗದ ತ್ರಿಭುಜ ಬಿಗಿದರೆ ಒಂದು ಮೂಲೆ ಲಂಬವಾಗಿಯೇ ಇರುತ್ತದೆ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದುವು. ಪಶ್ಚಿಮದ ನೆರೆಯಾದ ರೋಣ, ಗಜೇಂದ್ರಗಡದ ಕಡೆ ಮುಂಬಯಿ ಸರಕಾರದ ಆಡಳಿತವಿತ್ತು. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರಲ್ಲಿ ಆರಂಭಿಸಿದ ಹೊಸ ಕ್ರಮದ ಸರ್ವೆ 1840ರ ದಶಕದಲ್ಲಿ ಧಾರವಾಡದ ಕಡೆಗೂ ಬಂತು. ಪ್ರತಿ ಹೊಲಕ್ಕೆ ಒಂದು ಸರ್ವೆ ನಂಬರು, ಮೂಲೆಗಳಿಗೆ ಬಾಂದು ಕಲ್ಲು, ಒಂದು ನಕ್ಷೆ: ಇದು ಆ ಕ್ರಮದ ತಿರುಳು. ಹೈದರಾಬಾದಿನ ದಿವಾನರಾಗಿದ್ದ ಒಂದನೆಯ ಸಾಲಾರ್ ಜಂಗ್ 1870ರ ದಶಕದಲ್ಲಿ ಸಂಸ್ಥಾನಕ್ಕೂ ಇದೇ ಮಾದರಿಯನ್ನು ತಂದರು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಹಗೀರುಗಳು ರದ್ದಾದುವು. 1956ರಲ್ಲಿ ಈ ಪ್ರದೇಶ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಆಳುವವರು ಬದಲಾದರು, ಕಚೇರಿಗಳ ಭಾಷೆ ಬದಲಾಯಿತು. ಆದರೆ ಎಕರೆ, ಗುಂಟೆಯ ಲೆಕ್ಕ ಜನರ ಬಾಯಲ್ಲಿ ಉಳಿಯಿತು.

ಗುಂಟೆ ಎಂದರೇನು? 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಸರ್ವೆಯ ಹಳೆಯ ಸರಪಳಿಯ ಉದ್ದ ಸಹ 33 ಅಡಿಯೇ. ಅದನ್ನು ರೂಪಾಯಿಯಂತೆ 16 ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಚೌಕ ಒಂದು ಗುಂಟೆ ಎಂದಾಗ ಗುಣಾಕಾರ ಸುಲಭವಾಯಿತು.

ಲಂಬಕೋನದ ಬೆಲೆ

ಸರಪಳಿ ಉದ್ದವನ್ನು ಮಾತ್ರ ಹೇಳುತ್ತದೆ. ಹೊಲದ ವಿಸ್ತೀರ್ಣ ತಿಳಿಯಲು, ನಡುವೆ ಸರಪಳಿಯ ಒಂದು ನೇರ ಗೆರೆ ಹಾಕಿ, ಅದರಿಂದ ಪ್ರತಿ ಮೂಲೆಗೂ ಲಂಬವಾಗಿ ಅಳೆಯುತ್ತಾರೆ. ಇಡೀ ಹೊಲ ತ್ರಿಭುಜಗಳೂ ಚತುರ್ಭುಜಗಳೂ ಆಗಿ ಒಡೆದು ಲೆಕ್ಕಕ್ಕೆ ಸಿಗುತ್ತದೆ. ಲಂಬ ನಿಜವಾಗಿಯೂ ಲಂಬವಾಗಿದ್ದರೆ ಮಾತ್ರ ಈ ಲೆಕ್ಕ ನಿಜ.

ತಪ್ಪಿದರೆ ಏನಾಗುತ್ತದೆ? ಒಂದು ಉದಾಹರಣೆ ನೋಡೋಣ. ಹತ್ತು ಸರಪಳಿ ಉದ್ದ, ಹತ್ತು ಸರಪಳಿ ಅಗಲದ ಚೌಕಾದ ಹೊಲ. ಅಂದರೆ 330 ಅಡಿಗೆ 330 ಅಡಿ, 100 ಗುಂಟೆ, ನಮ್ಮ ಮಾತಿನಲ್ಲಿ 2 ಎಕರೆ 20 ಗುಂಟೆ. ಒಂದು ಬದಿಯ ಗೆರೆಯನ್ನು ಆಧಾರವಾಗಿಟ್ಟುಕೊಂಡು ಅದರ ತುದಿಯಿಂದ ಪಕ್ಕದ ಬದುವನ್ನು ಲಂಬವಾಗಿ ಹಾಕಬೇಕು. ಆ ಲಂಬದಲ್ಲಿ 3 ಡಿಗ್ರಿ ತಪ್ಪಾಯಿತು ಎನ್ನಿ. ಗೆರೆಯ ಆರಂಭದಲ್ಲಿ ಏನೂ ಕಾಣದು. ಹತ್ತು ಸರಪಳಿ ದೂರ ಹೋಗುವಷ್ಟರಲ್ಲಿ ಗೆರೆ 17 ಅಡಿಗೂ ಹೆಚ್ಚು ಸರಿದಿರುತ್ತದೆ. ನಡುವೆ ಸಿಕ್ಕಿಕೊಂಡ ತ್ರಿಭುಜದ ವಿಸ್ತೀರ್ಣ ಸುಮಾರು 2,850 ಚದರ ಅಡಿ. ಎರಡೂವರೆ ಗುಂಟೆಗೂ ಹೆಚ್ಚು ಭೂಮಿ ಒಬ್ಬನ ಕಡೆಯಿಂದ ಇನ್ನೊಬ್ಬನ ಕಡೆಗೆ ಹೋಯಿತು. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಒಂದು ಕೋನ ತಪ್ಪಿತು, ಅಷ್ಟೆ. ಆದರೆ ಮಳೆಯನ್ನೇ ನಂಬಿ ಬಿತ್ತುವ ರೈತನಿಗೆ ಎರಡೂವರೆ ಗುಂಟೆ ಸಣ್ಣದಲ್ಲ. ಇಂಥ ಗೆರೆಗಳಿಂದ ಹುಟ್ಟಿದ ಮನಸ್ತಾಪ ಕೆಲವೊಮ್ಮೆ ಗೆರೆ ಹಾಕಿದವರ ಆಯುಷ್ಯಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಕೋನಗಳನ್ನು ಅತಿ ನಿಖರವಾಗಿ ಅಳೆಯುವ ಯಂತ್ರಗಳು ಆಗಲೂ ಇದ್ದುವು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರ ರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಿಂದ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆಯನ್ನು ಉತ್ತರಕ್ಕೆ ನಡೆಸುತ್ತ 1815ರಲ್ಲಿ ಬೀದರ್ ಸಮೀಪ ಇನ್ನೊಂದು ಆಧಾರ ರೇಖೆಯನ್ನು ಅಳೆದ. ಅವನ ದೊಡ್ಡ ಥಿಯೊಡಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಅದನ್ನು ಹೊರಲು ಆಳುಗಳು ಬೇಕು, ನಿಲ್ಲಿಸಲು ಕದಲದ ನೆಲೆ ಬೇಕು. ದೇಶದ ನಕ್ಷೆಗೆ ಅದು ಸರಿ. ಪ್ರತಿ ಹೊಲದ ಬದುವಿಗೂ ಅಂಥದನ್ನು ಒಯ್ಯುವುದುಂಟೆ?

ಹೊಲದ ಸರ್ವೆಗೆ ಬಳಕೆಯಲ್ಲಿದ್ದದ್ದು ಕ್ರಾಸ್ ಸ್ಟಾಫ್. ಒಂದು ಕೋಲಿನ ತಲೆಯ ಮೇಲೆ ಒಂದಕ್ಕೊಂದು ಅಡ್ಡಲಾಗಿ ಎರಡು ಸೀಳು. ಒಂದು ಸೀಳಿನಿಂದ ಸರಪಳಿಯ ಗೆರೆ ನೋಡಿ, ಇನ್ನೊಂದರಿಂದ ಲಂಬ ನೋಡುವುದು. ಇದಕ್ಕಿಂತ ನಿಖರವಾದದ್ದು ಆಪ್ಟಿಕಲ್ ಸ್ಕ್ವೇರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ದುಂಡನೆಯ ಲೋಹದ ಡಬ್ಬಿ. ಒಳಗೆ ಎರಡು ಸಮತಲ ಕನ್ನಡಿಗಳು, ನಡುವೆ 45 ಡಿಗ್ರಿ. ಹ್ಯಾಡ್ಲಿಯ ಉಪಕರಣದಲ್ಲಿದ್ದಂತೆ ಒಂದು ಕನ್ನಡಿಗೆ ಅರ್ಧ ಲೇಪ ಮಾತ್ರ. ಸರ್ವೆಯವರು ಸರಪಳಿಯ ಗೆರೆಯ ಮೇಲೆ ನಿಂತು ಸಣ್ಣ ರಂಧ್ರದಿಂದ ನೋಡುತ್ತಾರೆ. ಲೇಪವಿಲ್ಲದ ಅರ್ಧದಲ್ಲಿ ಗೆರೆಯ ತುದಿಯ ಕೋಲು ನೇರವಾಗಿ ಕಾಣುತ್ತದೆ. ಲೇಪವಿರುವ ಅರ್ಧದಲ್ಲಿ, ಪಕ್ಕದಲ್ಲಿ ದೂರದ ಮೂಲೆಯಲ್ಲಿ ನೆಟ್ಟ ಕೋಲು ಎರಡು ಸಲ ಪ್ರತಿಫಲಿಸಿ ಕಾಣುತ್ತದೆ. ಗೆರೆಯ ಮೇಲೆ ಹಿಂದೆ ಮುಂದೆ ನಡೆಯುತ್ತ, ಎರಡು ಕೋಲುಗಳು ಒಂದೇ ಕೋಲಿನಂತೆ ಕೂಡಿಕೊಂಡ ಕಡೆ ನಿಂತರೆ, ಅದೇ ಲಂಬದ ಬಿಂದು. ಬಿಸಿಲಿಗೆ ಕೈ ಸೋತು ಡಬ್ಬಿ ಅಲುಗಾಡಿದರೂ ಕೋಲುಗಳು ಬೇರ್ಪಡುವುದಿಲ್ಲ. ಹಡಗಿನ ಮೇಲೆ ಸೂರ್ಯನೂ ದಿಗಂತವೂ ಜೊತೆಬಿಡದಂತೆ.

ಹಾಗಾದರೆ ಈ ಡಬ್ಬಿ ಎಂದೂ ತಪ್ಪುವುದಿಲ್ಲವೆ? ತಪ್ಪುತ್ತದೆ. ಕನ್ನಡಿಗಳ ನಡುವೆ 45 ಡಿಗ್ರಿಯ ಬದಲು 46½ ಡಿಗ್ರಿ ಇದ್ದರೆ, ಕಿರಣ ಎರಡರಷ್ಟು ತಿರುಗುವುದರಿಂದ, ಲಂಬ 93 ಡಿಗ್ರಿಯಾಗುತ್ತದೆ. ನಾವು ಲೆಕ್ಕ ಹಾಕಿದ ಆ 3 ಡಿಗ್ರಿಯ ತಪ್ಪು, ಆ ಎರಡೂವರೆ ಗುಂಟೆ. ಹಿಡಿದವನ ಕೈಯ ತಪ್ಪನ್ನು ಜೋಡಿ ಕನ್ನಡಿ ಅಳಿಸಿಹಾಕುತ್ತದೆ. ಆದರೆ ತನ್ನದೇ ತಪ್ಪನ್ನು ಅದು ಇಮ್ಮಡಿ ಮಾಡುತ್ತದೆ. ಈ ಎರಡು ಮಾತುಗಳೂ ಒಂದೇ ನಿಯಮದಿಂದ ಹೊರಟವು.

ಇದಕ್ಕೆ ಪರಿಹಾರವೂ ಸರಳ. ಸರಪಳಿಯ ಗೆರೆಯ ಮೇಲೆ ಒಂದು ಕಡೆ ನಿಂತು, ಮೊದಲು ಒಂದು ತುದಿಯ ಕೋಲನ್ನು ನೋಡಿ, ನೂರು ಅಡಿ ದೂರದಲ್ಲಿ ಲಂಬದ ಕೋಲನ್ನು ನೆಡಿಸಿ. ಆಮೇಲೆ ಅದೇ ಜಾಗದಲ್ಲಿ ಹಿಂದಕ್ಕೆ ತಿರುಗಿ, ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು, ಇನ್ನೊಂದು ತುದಿಯ ಕೋಲನ್ನು ನೋಡಿ ಮತ್ತೊಮ್ಮೆ ಲಂಬ ತೆಗೆಯಿರಿ. ಕನ್ನಡಿಗಳು ಸರಿಯಿದ್ದರೆ ಎರಡು ಸಲವೂ ಕೋಲು ಒಂದೇ ಜಾಗಕ್ಕೆ ಬರುತ್ತದೆ. 3 ಡಿಗ್ರಿ ತಪ್ಪಿದ್ದರೆ ಎರಡು ಗುರುತುಗಳ ನಡುವೆ ಹತ್ತು ಅಡಿಗೂ ಹೆಚ್ಚು ಅಂತರ ಬೀಳುತ್ತದೆ. ನಿಜವಾದ ಲಂಬ ಎರಡರ ಸರಿಯಾದ ನಡುವೆ ಇರುತ್ತದೆ. ಕೆಟ್ಟ ಉಪಕರಣದಿಂದಲೂ ಸತ್ಯವನ್ನು ಹೊರಡಿಸಬಹುದು, ಎರಡೂ ಕಡೆಯಿಂದ ನೋಡುವ ತಾಳ್ಮೆ ಇದ್ದರೆ. ಈ ಪರೀಕ್ಷೆಯನ್ನು ಬದುವಿನ ಎರಡೂ ಬದಿಯವರ ಎದುರಿನಲ್ಲೇ ಮಾಡಬಹುದು. ಅದಕ್ಕೆ ಲಿಪಿಯ ಜ್ಞಾನ ಬೇಡ, ಲೆಕ್ಕವೂ ಬೇಡ, ಕಣ್ಣು ಸಾಕು.

ತೊಂಬತ್ತು ಡಿಗ್ರಿಯ ವಿಶೇಷ

ಕನ್ನಡಿಗಳ ನಡುವಿನ ಕೋನ 90 ಡಿಗ್ರಿಯಾದರೆ? ಕಿರಣ ಅದರ ಎರಡರಷ್ಟು, ಅಂದರೆ 180 ಡಿಗ್ರಿ ತಿರುಗುತ್ತದೆ. ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಕ್ಷೌರದ ಅಂಗಡಿಯ ಮೂಲೆಯ ಬಿಂಬವನ್ನು ಇದೇ ವಿವರಿಸುತ್ತದೆ. ನೀವು ಕುರ್ಚಿಯಲ್ಲಿ ಎಲ್ಲಿ ಸರಿದು ಕುಳಿತರೂ ಆ ಮೂರನೆಯವನು ಮೂಲೆಯನ್ನು ಬಿಟ್ಟು ಕದಲುವುದಿಲ್ಲ, ನಿಮ್ಮನ್ನೇ ನೋಡುತ್ತಿರುತ್ತಾನೆ.

ಎರಡು ಕನ್ನಡಿಗಳ ಜೊತೆಗೆ ನೆಲಕ್ಕೂ ಒಂದು ಕನ್ನಡಿ ಹಾಸಿ, ಮೂರೂ ಒಂದಕ್ಕೊಂದು ಲಂಬವಾಗಿರುವಂತೆ ಮಾಡಿದರೆ, ಬೆಳಕು ಮೇಲಿನಿಂದ ಬರಲಿ, ಪಕ್ಕದಿಂದ ಬರಲಿ, ಬಂದ ಕಡೆಗೇ ಮರಳುತ್ತದೆ. ಸೈಕಲ್ಲಿನ ಹಿಂಬದಿಯ ಕೆಂಪು ರಿಫ್ಲೆಕ್ಟರನ್ನು ಹತ್ತಿರದಿಂದ ನೋಡಿ. ಅದರ ತುಂಬ ಇಂಥ ಪುಟ್ಟ ಮೂಲೆಗಳಿವೆ. ಲಾರಿಯ ದೀಪದ ಬೆಳಕು ಲಾರಿಯ ಚಾಲಕನ ಕಡೆಗೇ ಮರಳುವುದರಿಂದ ಸೈಕಲ್ ಸವಾರನ ಜೀವ ಉಳಿಯುತ್ತದೆ. ಇಂದಿನ ಸರ್ವೆಯಲ್ಲಿ ಬಳಸುವ ಟೋಟಲ್ ಸ್ಟೇಷನ್ ಯಂತ್ರವೂ ದೂರದ ಕೋಲಿಗೆ ಕಟ್ಟಿದ ಗಾಜಿನ ಮೂಲೆಯಿಂದ ಹಿಂದಿರುಗುವ ಬೆಳಕಿನಿಂದಲೇ ದೂರವನ್ನು ಅಳೆಯುತ್ತದೆ. ಕೋಲು ಹಿಡಿದವನು ಸ್ವಲ್ಪ ಓರೆಯಾಗಿ ಹಿಡಿದರೂ ಬೆಳಕು ದಾರಿ ತಪ್ಪುವುದಿಲ್ಲ.

1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಂಥ 100 ಗಾಜಿನ ಮೂಲೆಗಳಿರುವ ಫಲಕವನ್ನು ಇಟ್ಟು ಬಂದರು. ಭೂಮಿಯಿಂದ ಲೇಸರ್ ಕಿರಣ ಕಳಿಸಿ, ಅದು ಮರಳುವ ವೇಳೆಯಿಂದ ಚಂದ್ರನ ದೂರವನ್ನು ಅಳೆಯಲು ಅದು ನೆರವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಸಂಸ್ಥೆಯ ಚಂದ್ರಯಾನ-3ರ ವಿಕ್ರಮ್ ನೌಕೆ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಅದರ ಮೇಲೂ ನಾಸಾ ಸಂಸ್ಥೆ ಒದಗಿಸಿದ ಎಂಟು ಗಾಜಿನ ಮೂಲೆಗಳ ಪುಟ್ಟ ಉಪಕರಣವಿದೆ. ಅಗಲ ಸುಮಾರು 5 ಸೆಂಟಿಮೀಟರ್, ಸರ್ವೆಯವರ ಆ ಡಬ್ಬಿಯಷ್ಟೇ ಚಿಕ್ಕದು. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಬೆಳಕು ಕಳಿಸಿತು. ವಿಕ್ರಮ್ ಮೇಲಿನ ಮೂಲೆ ಅದನ್ನು ಬಂದ ದಾರಿಗೇ ತಿರುಗಿಸಿತು. ಅದಕ್ಕೆ ವಿದ್ಯುತ್ ಬೇಡ, ದುರಸ್ತಿ ಬೇಡ. ನೌಕೆಯ ಯಂತ್ರಗಳೆಲ್ಲ ಮೌನವಾದ ಮೇಲೂ ಅದು ಉತ್ತರ ಕೊಡುತ್ತದೆ.

ನೀವೇ ಮಾಡಿ ನೋಡಿ

ಎರಡು ಸಣ್ಣ ಸಮತಲ ಕನ್ನಡಿಗಳನ್ನು ತನ್ನಿ. ಅಂಚುಗಳು ಕೈಗೆ ತಾಗದಂತೆ ಕಾಗದ ಅಂಟಿಸಿ, ಒಂದು ಬದಿಯನ್ನು ಬಟ್ಟೆಯ ಪಟ್ಟಿಯಿಂದ ಜೋಡಿಸಿದರೆ ಪುಸ್ತಕದಂತೆ ತೆರೆಯುತ್ತದೆ. ಕೋನಮಾಪಕದ ಮೇಲೆ ನಿಲ್ಲಿಸಿ, ನಡುವೆ ಒಂದು ಕಡಲೆ ಕಾಳು ಇಡಿ. 90, 60, 45 ಡಿಗ್ರಿಗಳಲ್ಲಿ ಬಿಂಬಗಳನ್ನು ಎಣಿಸಿ. ಆಮೇಲೆ 90 ಡಿಗ್ರಿಗೆ ತಂದು, ಕಾಗದದ ಮೇಲೆ ನಿಮ್ಮ ಊರಿನ ಹೆಸರು ಬರೆದು ಮೂಲೆಗೆ ಎದುರಾಗಿ ಹಿಡಿಯಿರಿ. ಒಂದೇ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುವ ಅಕ್ಷರಗಳನ್ನು ಮೂಲೆಯಲ್ಲಿ ಸರಿಯಾಗಿ ಓದಬಹುದು.

ಹಳೆಯ ಶಾಸನಗಳು ಯಾವ ಗಳೆಯಿಂದ ಅಳೆದೆವು ಎಂಬುದನ್ನು ಕಲ್ಲಿನಲ್ಲಿ ಬರೆದವು. ಅಳೆಯುವವನ ಮೇಲಿನ ನಂಬಿಕೆಗಿಂತ ಅಳತೆಯ ಮೇಲಿನ ನಂಬಿಕೆ ದೊಡ್ಡದು ಎಂಬುದು ಅದರ ಅರ್ಥ. ಜೋಡಿ ಕನ್ನಡಿಯೂ ಅದನ್ನೇ ಇನ್ನೊಂದು ರೀತಿಯಲ್ಲಿ ಸಾಧಿಸಿತು. ಹಿಡಿದವರು ಯಾರೇ ಆಗಲಿ, ಅವರ ಕೈ ನಡುಗಲಿ ಬಿಡಲಿ, ಕೋನ ಬದಲಾಗುವುದಿಲ್ಲ. ಕನ್ನಡಿ ಕೆಟ್ಟಿದ್ದರೆ ಅದನ್ನು ಹಿಡಿದುಹಾಕುವ ದಾರಿಯೂ ಎಲ್ಲರಿಗೂ ತೆರೆದಿದೆ. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಸರ್ವೆಯವರಾಗಿ ಯಾವುದೋ ಬದುವಿನ ಮೇಲೆ ನಿಂತಾಗ, ಎರಡು ಕಡೆಯ ಜನ ನಿಮ್ಮನ್ನೇ ನೋಡುತ್ತಿರುವಾಗ, ಒಮ್ಮೆ ಹಿಂದಕ್ಕೆ ತಿರುಗಿ ಎರಡನೆಯ ಸಲವೂ ಅಳೆಯಿರಿ.